ಪಾಳೇಗಾರನ ಗೃಹಪ್ರವೇಶ

ಎಲ್ಲದಕ್ಕೂ ಮೂಲ, ಪಾಳೇಗಾರ ಕ್ಯಾಲೆಂಡರಿನ ಒಂದು ಹಾಳೆಯನ್ನು ತಿಂದುಬಿಟ್ಟದ್ದು.

ಪಾಳೇಗಾರನೆಂದರೆ ಕೊಟ್ಟೂರೇಶ ಸಾಕಿದ ಟಗರು. ಹರಿಹರದ ಟ್ರ್ಯಾಕ್ಟರ್ ಬಿಡಿಭಾಗಗಳ ಮಳಿಗೆಯೊಂದರಲ್ಲಿ ಗುಮಾಸ್ತನಾಗಿದ್ದ ಕೊಟ್ಟೂರೇಶನಿಗೆ ಮಳಿಗೆಯ ಹಿಂಬದಿಯ ಒಂಟಿ ಕೋಣೆಯೇ ಮನೆ. ಕೋಣೆಯ ಹಿಂದಿನ ತಗಡಿನ ಚಪ್ಪರವೇ ಪಾಳೇಗಾರನ ಅರಮನೆ. ಮುಂದಿನ ಕೃಷಿಮೇಳದ ಟಗರು ಪ್ರದರ್ಶನದಲ್ಲಿ ಪಾಳೇಗಾರನ ಕೊರಳಿಗೆ ಮೊದಲ ಬಹುಮಾನದ ಹಾರ ಬೀಳಬೇಕೆಂಬುದು ಅವನ ಬದುಕಿನ ಹಿರಿಯಾಸೆ. ಕಾಳಗದ ಮಾತು ಮಾತ್ರ ಅವನಿಗೆ ಆಗದು. ರಕ್ತ ಕಂಡರೆ ತಲೆ ಸುತ್ತುವ ಮನುಷ್ಯ. ಟಗರಿಗೆ ಬೆಳಿಗ್ಗೆ ಬೇಯಿಸಿದ ಹುರುಳಿ, ಸಂಜೆ ಒಂದು ಬೋಗುಣಿ ಹಾಲು, ಮತ್ತು, ಇದೊಂದು ಮಾತ್ರ ಪರಮ ಗುಟ್ಟು, ಹಸಿ ಮೊಟ್ಟೆ. ಲಿಂಗ ಕಟ್ಟಿಕೊಂಡ ಮನೆತನದ ಮಗ ಮೊಟ್ಟೆ ಕೊಳ್ಳುವುದನ್ನು ನೆಂಟರಿಷ್ಟರು ಕಂಡರೆ ಏನೆಂದಾರು? ಅದಕ್ಕಾಗಿ ಅವನು ಮೊಟ್ಟೆಗಳನ್ನು ಕ್ಲಚ್ ಪ್ಲೇಟಿನ ಖಾಲಿ ಪೆಟ್ಟಿಗೆಯೊಂದರಲ್ಲಿ ಹೊಟ್ಟಿನ ನಡುವೆ ಮಲಗಿಸಿಡುತ್ತಿದ್ದ.

ಹಿಂದಿನ ವಾರ ಹುರುಳಿ ತಡವಾಯಿತೆಂದು ಮುನಿದ ಪಾಳೇಗಾರ, ಕಿಟಕಿಯೊಳಗೆ ಮೂತಿ ತೂರಿಸಿ ಗೋಡೆಯ ಕ್ಯಾಲೆಂಡರನ್ನು ಎಳೆದುಕೊಂಡು, ಆ ತಿಂಗಳ ಹಾಳೆಯನ್ನಷ್ಟೇ ಅಚ್ಚುಕಟ್ಟಾಗಿ ಮೆದ್ದಿದ್ದ. ಆಷಾಢ ಯಾವ ದಿನ ಹಿಡಿಯುತ್ತದೆಂಬ ಮಾಹಿತಿ ಹೀಗೆ ಟಗರಿನ ಹೊಟ್ಟೆ ಸೇರಿತು. ಫೋನಿನಲ್ಲಿ ನೋಡಬಹುದಿತ್ತು, ನಿಜ. ಆದರೆ ಫೋನು ಕೈಗೆ ಬಂದೊಡನೆ ಕೊಟ್ಟೂರೇಶ ಟಗರಿನ ವಿಡಿಯೋಗಳನ್ನು ನೋಡುತ್ತಿದ್ದನೇ ಹೊರತು ಪಂಚಾಂಗವನ್ನಲ್ಲ.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನಂದಿಗುಡಿಯಿಂದ ಅತ್ತೆ ಸರ್ವಮಂಗಳಮ್ಮನವರ ಫೋನು ಬಂತು.

"ಅಳಿಯಂದ್ರೆ, ಹೊಸ ಮನ್ಯಾಗೆ ಹಾಲು ಉಕ್ಕಿಸಿದ್ರೇನು?"

"ಇನ್ನೂ ಇಲ್ರಿ ಅತ್ತೇರೆ. ಭಾನುವಾರ ರಜಾ ಐತಲ್ಲ, ಅವತ್ತು ನಿವಾಂತಾಗಿ..."

"ಭಾನುವಾರ ಅನ್ನೋದ್ರಾಗೆ ಆಷಾಢ ಬಿದ್ದಿರ್ತೈತ್ರಿ! ನಾಳೆ ಮಣ್ಣೆತ್ತಿನ ಅಮಾಸೆ. ನಾನು ಮಠದಾಗೆ ಕೇಳ್ಸೀನಿ. ಇವತ್ತು ರಾಹುಕಾಲ ಹುಟ್ಟೋದ್ರೊಳಗೆ ಹಾಲು ಉಕ್ಕಿದ್ರೆ ಸಂಜೆಗೆ ಮಗಳನ್ನೂ ಕೂಸನ್ನೂ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಶ್ರಾವಣಕ್ಕೇ ಮಾತು."

ಹಿಂದಿನಿಂದ ಪುಟ್ಟ ಸ್ನೇಹಾಳ ಕೇಕೆ ಕೇಳಿಸಿತು. ಹೆರಿಗೆಗೆಂದು ತವರಿಗೆ ಹೋದ ವಾಣಿಶ್ರೀ ಮರಳಿ ಬರುವುದನ್ನೇ, ಮಗಳನ್ನು ಮಡಿಲಲ್ಲಿ ಕೂಡಿಸಿಕೊಳ್ಳುವುದನ್ನೇ ಕಾದು ಕಾದು ಸೊರಗಿದ್ದ ಕೊಟ್ಟೂರೇಶನ ಎದೆ ಆ ಕೇಕೆಗೆ ಬೆಣ್ಣೆಯಾಯಿತು; ಮರುಕ್ಷಣವೇ ಕಲ್ಲಾಯಿತು. ಏಕೆಂದರೆ ಅಂದೇ ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ತಪಾಸಣಾಧಿಕಾರಿ ಬರುವವರಿದ್ದರು. ಅಂದು ರಜೆ ಕೇಳುವುದೆಂದರೆ ವ್ಯವಸ್ಥಾಪಕ ಕುಬೇರಪ್ಪನವರ ಮೀಸೆಯನ್ನು ಹಿಡಿದು ಜಗ್ಗಿದಂತೆ.

ಈ ಕುಬೇರಪ್ಪನವರ ದೆಸೆಯಿಂದಲೇ ಹೊಸ ಮನೆಯ ಯೋಚನೆ ಹುಟ್ಟಿದ್ದು. ಅವರ ಕುರ್ಚಿಗೂ ಕೊಟ್ಟೂರೇಶನ ಮಂಚಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಕೆಲಸ ನೆನಪಾದಾಗಲೆಲ್ಲ ಅವರು ಸ್ಪ್ಯಾನರಿನಿಂದ ಆ ಗೋಡೆಯನ್ನು ಕುಟ್ಟುತ್ತಿದ್ದರು. ಊಟದ ತುತ್ತು ಬಾಯಲ್ಲಿದ್ದರೂ ಸರಿ, ಟಗರಿನ ಮೈಯುಜ್ಜುತ್ತಿದ್ದರೂ ಸರಿ, ಕೊಟ್ಟೂರೇಶ ಓಡಬೇಕು. ದಾವಣಗೆರೆಯ ವಿನೋಬನಗರದಲ್ಲಿ ಮನೆ ಮಾಡಿದರೆ ಆ ಸ್ಪ್ಯಾನರಿನ ಸದ್ದು ಅಷ್ಟು ದೂರ ಬರಲಾರದು ಎಂಬುದು ಅವನ ಲೆಕ್ಕಾಚಾರ. ಮೊದಲು ಹಾಲು ಉಕ್ಕಲಿ, ಆಮೇಲೆ ಸಾಹೇಬರಿಗೆ ಹೇಳಿದರಾಯಿತು ಎಂದು ವಿಷಯವನ್ನು ಗುಟ್ಟಾಗಿಟ್ಟಿದ್ದ. ಇನ್ನು ವಾಣಿಶ್ರೀಯ ತಕರಾರು ಬೇರೆ. "ನಾನಾ, ಟಗರಾ? ಯಾರು ಬೇಕೋ ಮೊದ್ಲು ತೀರ್ಮಾನ ಮಾಡ್ರಿ," ಎಂದು ಆಕೆ ತವರಿನಿಂದಲೇ ಗುಡುಗಿದ್ದಳು. ಇಬ್ಬರೂ ಬೇಕಾಗಿದ್ದ ಕೊಟ್ಟೂರೇಶ ಹಿತ್ತಲಿರುವ ಮನೆಯನ್ನೇ ಹುಡುಕಿಸಿದ್ದ.

ಹೆಂಡತಿ, ನೌಕರಿ, ಟಗರು. ಮೂರೂ ಉಳಿಯಬೇಕಾದರೆ ಅರ್ಧ ದಿನದ ರಜೆ ಬೇಕು. ಅರ್ಧ ದಿನ ದೊರೆಯಬೇಕಾದರೆ ಒಂದು ಸುಳ್ಳು ಬೇಕು. ಕೊಟ್ಟೂರೇಶ ಹಾಸಿಗೆಯ ಮೂಲೆ ಬಿಚ್ಚಿ ಒಂದು ಹಿಡಿ ಹತ್ತಿ ಕಿತ್ತು, ಉಂಡೆ ಕಟ್ಟಿ, ಬಲದವಡೆಗೆ ತುರುಕಿಕೊಂಡ.

"ಏನಲೇ ಕೊಟ್ರೇಶಿ, ಮುಖ ಒಂದು ಕಡೆ ಕುಂಬಳಕಾಯಿ ಆಗೇತಲ್ಲ?" ಎಂದರು ಕುಬೇರಪ್ಪ.

"ಹಲ್ಲು ಸಾರ್. ದಾವಣಗೆರೆಗೆ ಹೋಗಿ ಕೀಳಿಸ್ಲೇಬೇಕು."

"ಆಫೀಸರ್ ಬರೋ ದಿನಾನೇ ನೋಡ್ಕೊಂಡು ನೋಯ್ತೈತೇನು ನಿನ್ನ ಹಲ್ಲು? ಅದಕ್ಕೂ ಹೆಡ್ಡಾಫೀಸಿಂದ ಸುದ್ದಿ ಬರ್ತೈತೋ ಏನು?"

ಕ್ಯಾಶಿಯರ್ ಭಾಗ್ಯಲಕ್ಷ್ಮಿ ಕರುಣೆಯಿಂದ ಎದ್ದು ಬಂದಳು. ಆಕೆಯ ಕರುಣೆ ಕುಬೇರಪ್ಪನವರ ಕೋಪಕ್ಕಿಂತ ಅಪಾಯಕಾರಿ. ಕೈಚೀಲದಿಂದ ಲವಂಗ ತೆಗೆದು, "ಬಾಯಿ ತೆಗೀರಿ ಅಣ್ಣ, ನಾನೇ ಇಡ್ತೀನಿ. ಯಾವ ಹಲ್ಲು ನೋಡಣ," ಎಂದು ಬೆರಳು ಚಾಚಿಯೇಬಿಟ್ಟಳು. ಹತ್ತಿ ಬಯಲಾಗಲು ಒಂದು ಆಕಳಿಕೆಯಷ್ಟೇ ಅಂತರ. ಕೊಟ್ಟೂರೇಶ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ನೋವಿನಿಂದ ನರಳುವವನಂತೆ ಬಗ್ಗಿ, ಬಾಗಿಲತ್ತ ಹಿಮ್ಮುಖವಾಗಿ ಸರಿದ.

"ಹೋಗು, ಹೋಗು. ಮಧ್ಯಾಹ್ನದೊಳಗೆ ಬಂದಿರ್ಬೇಕು," ಎಂದರು ಕುಬೇರಪ್ಪ. "ಹೋಗೋವಾಗ ಆ ನಿನ್ನ ಟಗರನ್ನೂ ಎಲ್ಲಾದ್ರೂ ಸಾಗಿಸು. ಆಫೀಸರ್ ಕಣ್ಣಿಗೆ ಬಿದ್ರೆ ಅದನ್ನೂ ಸ್ಟಾಕಿನಾಗೆ ಬರ್ಕೊಂಡಾರು."

ಹಿಂದಿನ ಓಣಿಯಲ್ಲಿ ಗೆಳೆಯ ಮಂಜುನಾಥನ ಲಗೇಜ್ ಆಟೋ ಸಿದ್ಧವಾಗಿತ್ತು. ಹಾಸಿಗೆ, ಪಾತ್ರೆ, ಹೊಸ ಹಾಲಿನ ಗಡಿಗೆ, ತಂಬಿಗೆ ತುಂಬ ಹಾಲು, ಕ್ಲಚ್ ಪ್ಲೇಟಿನ ಪೆಟ್ಟಿಗೆ, ಎಲ್ಲಕ್ಕೂ ಮೇಲೆ ಹಾಸಿಗೆಯನ್ನೇ ಸಿಂಹಾಸನ ಮಾಡಿಕೊಂಡು ನಿಂತ ಪಾಳೇಗಾರ. ಆಟೋ ಹರಿಹರ ದಾಟಿತೋ ಇಲ್ಲವೋ ಕೊಟ್ಟೂರೇಶ ಹತ್ತಿಯನ್ನು ಉಗುಳಿ ಜೇಬಿಗಿಳಿಸಿ, ಬಹಳ ದಿನಗಳ ಮೇಲೆ ಸ್ವತಂತ್ರ ಮನುಷ್ಯನಂತೆ ಉಸಿರೆಳೆದುಕೊಂಡ.

ಆ ಉಸಿರು ಹೊರಗೆ ಬರುವ ಮುನ್ನವೇ ಫೋನು ಹೊಡೆದುಕೊಂಡಿತು. ಕುಬೇರಪ್ಪ!

"ಎಲ್ಲಿದೀಯ?"

ಕೊಟ್ಟೂರೇಶ ಕೈಯಿಂದ ಕೆನ್ನೆ ಒತ್ತಿಕೊಂಡು ತೊದಲಿದ. "ದವಾಖಾನಿಯಾಗೆ ಸಾರ್."

ಸರಿಯಾಗಿ ಅದೇ ಗಳಿಗೆಯಲ್ಲಿ ಆಟೋ ಒಂದು ಉಬ್ಬು ಹಾರಿತು. ಪಾಳೇಗಾರ ಗಂಟಲು ಹರಿಯುವಂತೆ ಅರಚಿದ.

"ಅದೇನಲೇ ಅದು, ಕೂಗಿದ್ದು?"

"ಪಕ್ಕದ ಪೇಷಂಟ್ ಸಾರ್. ಕೀಳ್ತಾ ಇದಾರೆ."

"ಪಾಪ," ಎಂದರು ಕುಬೇರಪ್ಪ. "ಕೇಳಿಲ್ಲಿ. ಆಫೀಸರ್ ಟ್ರೈನ್ ಬಾಳ ಲೇಟಂತೆ, ಹರಿಹರದಾಗೆ ನಿಲ್ಲೋದೂ ಇಲ್ಲಂತೆ. ಅವರನ್ನ ಕರ್ಕೊಂಡು ಬರಾಕೆ ನಾನೇ ಕಾರು ತಗೊಂಡು ದಾವಣಗೆರೆಗೆ ಬರ್ತಿದೀನಿ. ವಿನೋಬನಗರದಾಗೆ ನಂದೊಂದು ಸಣ್ಣ ಕೆಲಸ ಐತೆ, ಅದನ್ನ ಮುಗಿಸಿ ಫೋನ್ ಮಾಡ್ತೀನಿ. ನೀನೂ ಕಾರಿನಾಗೇ ಬಂದ್ಬಿಡು."

ವಿನೋಬನಗರ! ಇಡೀ ದಾವಣಗೆರೆಯಲ್ಲಿ ಸಾಹೇಬರಿಗೆ ಬೇರೆ ಬಡಾವಣೆಯೇ ಸಿಗಲಿಲ್ಲವೇ? ಇನ್ನು ಈ ಫೋನೇ ಬೇಡವೆಂದು ಕೊಟ್ಟೂರೇಶ ಅದರ ಸದ್ದಡಗಿಸಿ ಹಾಸಿಗೆಯ ಸುರುಳಿಯೊಳಗೆ ಆಳವಾಗಿ ಹೂತುಬಿಟ್ಟ. ಹಲ್ಲು ಕೀಳಿಸಿಕೊಳ್ಳುತ್ತಿರುವವನು ಫೋನೆತ್ತದಿದ್ದರೆ ಯಾರು ತಾನೆ ತಪ್ಪು ತಿಳಿದಾರು? ಬಹಳ ಜಾಣ ಯೋಚನೆಯೆಂದು ಅವನಿಗೆ ಅನ್ನಿಸಿತು. ಆ ದಿನ ಅವನು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಅದೇ ಎಂಬುದು ತಿಳಿಯಲು ಇನ್ನೂ ಹೊತ್ತಿತ್ತು.

ವಿನೋಬನಗರದ ಓಣಿಯಲ್ಲಿ ಆಟೋ ನಿಂತಾಗ ಕೊಟ್ಟೂರೇಶ ಕಣ್ಣುಜ್ಜಿಕೊಂಡ. ಮನೆ ಗೊತ್ತು ಮಾಡಿಕೊಟ್ಟ ದಲ್ಲಾಳಿ ಮಕ್ತುಮ್ ಸಾಬ್ ಅದನ್ನು ತೋರಿಸಿದ್ದು ಮುಸ್ಸಂಜೆಯಲ್ಲಿ, ಅದೂ ಕರೆಂಟು ಹೋಗಿದ್ದಾಗ, ಮೊಬೈಲಿನ ಬೆಳಕಿನಲ್ಲಿ. "ಹಸಿರು ಬಣ್ಣದ ಮನೆ. ಪೇಂಟ್ ಒಣಗ್ಲಿ ಅಂತ ಬಾಗ್ಲು ತೆಗೆದೇ ಇಟ್ಟಿರ್ತಾರೆ, ಸೀದಾ ಹೋಗ್ರಿ," ಎಂದು ಅವರು ಹೇಳಿದ್ದರು. ಈಗ ನೋಡಿದರೆ ಒಂದೇ ಮೇಸ್ತ್ರಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಎರಡು ಹಸಿರು ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು! ಒಂದರ ಬಾಗಿಲು ಮುಚ್ಚಿತ್ತು. ಇನ್ನೊಂದರದು ಹಾರುಹೊಡೆದಿತ್ತು.

ಅವನು ಯೋಚಿಸುವ ಮೊದಲೇ ಪಾಳೇಗಾರ ಹಗ್ಗ ಬಿಡಿಸಿಕೊಂಡು ಆಟೋದಿಂದ ಹಾರಿ, ತೆರೆದ ಬಾಗಿಲಿನ ಮನೆಯೊಳಗೆ ಬಲಗಾಲಿಟ್ಟು ನುಗ್ಗಿದ.

"ನೋಡ್ದೇನಲೇ ಮಂಜ, ನಮ್ಮ ಪಾಳೇಗಾರನಿಗೇ ಮನೆ ಗುರ್ತು ಸಿಕ್ತು!" ಎಂದು ಕೊಟ್ಟೂರೇಶ ಹಿಗ್ಗಿದ.

ಒಳಗಿನಿಂದ ಫಟಾರೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ನಡುಮನೆಯ ಬೀರುವಿಗೆ ಆಳೆತ್ತರದ ಕನ್ನಡಿ. ಆ ಕನ್ನಡಿಯೊಳಗೆ ತನ್ನಷ್ಟೇ ಕೊಬ್ಬಿದ ಇನ್ನೊಂದು ಟಗರನ್ನು ಕಂಡು ಪಾಳೇಗಾರ ಗುದ್ದಿದ್ದ. ಕನ್ನಡಿ ಮೂಲೆಯಿಂದ ಮೂಲೆಗೆ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು.

"ಬಾಡಿಗೆ ಮನೆಗೆ ಇಂಥ ಬೀರು ಕೊಟ್ಟಾರಲ್ಲಣ್ಣ!" ಎಂದು ಮಂಜುನಾಥ ಬೆರಗಾದ.

ಕೊಟ್ಟೂರೇಶನಿಗೂ ಕೊಂಚ ಅನುಮಾನವಾಯಿತು. ಅಡುಗೆಮನೆಯ ಕಟ್ಟೆ ಅಂದು ಕಡಪಾ ಕಲ್ಲಿನದಿತ್ತು. ಇಂದು ನುಣುಪಾಗಿ ಹೊಳೆಯುತ್ತಿದೆ. ನಲ್ಲಿ ಎಡಕ್ಕಿದ್ದ ನೆನಪು, ಈಗ ಬಲಕ್ಕಿದೆ. ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲವೆಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡ. ಒಳ್ಳೆಯ ಮನೆ ಸಿಕ್ಕಾಗ ಹೆಚ್ಚು ಪ್ರಶ್ನೆ ಕೇಳುವುದು ಅವನ ಸ್ವಭಾವವಲ್ಲ.

ಅಷ್ಟರಲ್ಲಿ ಓಣಿಯ ಕಟ್ಟೆಯ ಮೇಲೆ ಕೂತಿದ್ದ ಮೈಲಮ್ಮಜ್ಜಿ ಕೋಲೂರಿಕೊಂಡು ಒಳಗೇ ಬಂದಳು. ಹಿಂದೆಯೇ ಎದುರುಮನೆಯ ರುಮಾನಾ. ಹೊಸಬರು ಬಂದ ಮನೆಗೆ ಕರೆಯದೆ ಬರುವುದು ಆ ಓಣಿಯಲ್ಲಿ ಹಕ್ಕೂ ಹೌದು, ಕರ್ತವ್ಯವೂ ಹೌದು.

"ಹಾಲು ಉಕ್ಕಿಸ್ತೀಯೇನಪ್ಪ? ಎಲ್ಲಿ ನಿನ್ನ ಹೇಣ್ತಿ?"

"ಸಂಜೆಗೆ ಬರ್ತಾಳಜ್ಜಿ. ರಾಹುಕಾಲದೊಳಗೆ ಉಕ್ಕಿಸ್ಬೇಕು."

"ಮತ್ತೆ ಹಾಲೆಲ್ಲೈತೆ?"

ಹಾಲು ಎಲ್ಲಿದೆಯೆಂದು ತಿರುಗಿ ನೋಡಿದರೆ ತಂಬಿಗೆ ಉರುಳಿತ್ತು. ಸಂಜೆಯ ಪಾಲು ಬೆಳಿಗ್ಗೆಯೇ ದೊರೆಯಿತೆಂಬ ತೃಪ್ತಿಯಿಂದ ಪಾಳೇಗಾರ ಮೀಸೆ ನೆಕ್ಕಿಕೊಳ್ಳುತ್ತಿದ್ದ.

ಅಂಗಡಿಗೆ ಓಡಿದ ಮಂಜುನಾಥ ಬರಿಗೈಯಲ್ಲಿ ಬಂದ. "ಹಾಲಿಲ್ಲಣ್ಣ! ಮುಂಜಾನೆ ಯಾರೋ ಹಳ್ಳಿ ಕಡೆ ಅಮ್ಮ ಬಂದು ಇದ್ದ ಹಾಲೆಲ್ಲಾ ಬಾಚ್ಕೊಂಡು ಹೋದ್ಲಂತೆ."

"ಏನು ಜನಾನೋ! ಇನ್ನೊಬ್ರಿಗೂ ಬೇಕಾಗ್ತೈತೆ ಅನ್ನೋ ಖಬರ್ ಬ್ಯಾಡ್ವಾ?" ಎಂದು ಕೊಟ್ಟೂರೇಶ ಆ ಕಾಣದ ಅಮ್ಮನನ್ನು ಮನಸಾರೆ ಬೈದ.

"ಇರ್ಲಿ ಬಿಡ್ರಿ ಅಣ್ಣ, ನಮ್ಮ ಚಾಕ್ಕೆ ಇಟ್ಟಿರೋದು ಕೊಡ್ತೀನಿ," ಎಂದು ರುಮಾನಾ ಒಂದು ಪುಟ್ಟ ಪಾತ್ರೆ ಹಾಲು ತಂದಿತ್ತಳು.

ಒಲೆ? ಗ್ಯಾಸಿನ ಒಲೆ ಹರಿಹರದಲ್ಲೇ ಉಳಿದಿತ್ತು. ಮೈಲಮ್ಮಜ್ಜಿ ಕೋಲಿನಿಂದಲೇ ಆಡಳಿತ ಆರಂಭಿಸಿದಳು. ಅಂಗಳದ ಇಟ್ಟಿಗೆ ಬಂದವು. ಹೊಳೆಯುವ ನೆಲದ ಮೇಲೆ ಒಲೆ ಎದ್ದಿತು. ಮಂಜುನಾಥ ಹಿತ್ತಲಿನಿಂದ ನುಣುಪಾದ ನಾಲ್ಕು ಕಟ್ಟಿಗೆ ತುಂಡು ತಂದು ಒಡ್ಡಿದ. ಪಕ್ಕದ ಮುಚ್ಚಿದ ಮನೆಯಿಂದ ಯಾವುದೋ ಕೂಸು ಅತ್ತಿತು, ಮತ್ತೆ ಸುಮ್ಮನಾಯಿತು. ಏಲಕ್ಕಿಯ ಪರಿಮಳವೂ ತೇಲಿಬಂತು. ತನ್ನ ಮಗಳ ಧ್ವನಿಯೂ ಹೀಗೆಯೇ ಅಲ್ಲವೇ ಎಂದು ಕೊಟ್ಟೂರೇಶನ ಕಣ್ಣುಗಳು ಒದ್ದೆಯಾದವು. ಹೊಗೆಯೂ ಅದಕ್ಕೆ ಸಾಕಷ್ಟು ನೆರವಾಗಿತ್ತು.

"ಮೂಡಲಕ್ಕೆ ಉಕ್ಕಬೇಕು, ಅಲಾ ಮೂಡಲಕ್ಕೆ! ಗಡಿಗಿ ಒಂಚೂರು ವಾಲಿಸು."

"ಅಜ್ಜಿ, ಮೂಡಲ ಈ ಕಡೆ."

"ಅರವತ್ತು ಮಳೆಗಾಲ ಕಂಡೀನಿ, ನಂಗೆ ಸೂರ್ಯ ಹುಟ್ಟೋ ದಿಕ್ಕು ಹೇಳ್ತೀಯಾ? ಊದು ಸುಮ್ಕೆ!"

ಕೊಟ್ಟೂರೇಶ ನೆಲಕ್ಕೆ ಗದ್ದ ತಾಗಿಸಿ ಊದಿದ. ಹಾಲಿನ ಮೇಲೆ ಕೆನೆ ನಡುಗಿತು, ಅಂಚಿನಲ್ಲಿ ಗುಳ್ಳೆಗಳೆದ್ದವು. ಇನ್ನೇನು ಬಂತು ಎನ್ನುವಾಗ ಹೊರಗೆ ಕಾರಿನ ಹಾರ್ನು ಕೇಳಿಸಿತು. ಆ ಹಾರ್ನು! ಮೂರು ವರ್ಷಗಳಿಂದ ಆ ಹಾರ್ನಿಗೆ ಅವನು ಗೇಟು ತೆಗೆದಿದ್ದಾನೆ. ಕಿಟಕಿಯಿಂದ ಇಣುಕಿದರೆ ಕುಬೇರಪ್ಪನವರು ಕಾರಿನಿಂದ ಇಳಿದು ಪಂಚೆ ಸರಿಪಡಿಸಿಕೊಳ್ಳುತ್ತಿದ್ದರು. ನೇರವಾಗಿ ಇದೇ ಗೇಟಿನತ್ತ ಬರುತ್ತಿದ್ದರು.

ಓಡಬೇಕೇ? ಹಾಲು ಉಕ್ಕುವ ಮುನ್ನ ಓಡಿದರೆ ಶ್ರಾವಣದವರೆಗೆ ಹೆಂಡತಿಯಿಲ್ಲ. ನಿಂತರೆ ನೌಕರಿಯಿಲ್ಲ. ಹೆಜ್ಜೆಯ ಸದ್ದು ಜಗಲಿ ಏರಿತು. ಗಡಿಗೆಯಲ್ಲಿ ಹಾಲು ಕತ್ತಿನವರೆಗೆ ಏರಿತು. ಕೊಟ್ಟೂರೇಶ ಜೇಬಿಗೆ ಕೈ ಹಾಕಿ ಹತ್ತಿಯುಂಡೆಯನ್ನು ಬಾಯಿಗೆ ತುರುಕಿಕೊಂಡ. ಬಾಗಿಲಲ್ಲಿ ಕುಬೇರಪ್ಪನವರ ನೆರಳು ಬಿದ್ದದ್ದೂ, ಹಾಲು ಬುಸ್ಸೆಂದು ಮೂಡಣಕ್ಕೆ ಉಕ್ಕಿ ಹರಿದದ್ದೂ, "ಉಕ್ತು! ಉಕ್ತು!" ಎಂದು ಮೈಲಮ್ಮಜ್ಜಿ ಕೂಗಿದ್ದೂ ಒಟ್ಟಿಗೇ ಆಯಿತು.

ಕುಬೇರಪ್ಪ ಒಲೆಯನ್ನು ನೋಡಿದರು. ಟಗರನ್ನು ನೋಡಿದರು. ಕನ್ನಡಿಯನ್ನು ನೋಡಿದರು. ಕೊನೆಗೆ ಕೊಟ್ಟೂರೇಶನ ಮುಖವನ್ನು ನೋಡಿದರು.

"ಕೊಟ್ರೇಶಿ, ಮುಂಜಾನೆ ಬಾವು ಬಲಗಡೆ ಇತ್ತಲ್ಲೋ?"

ಕೊಟ್ಟೂರೇಶ ಕೆನ್ನೆ ಮುಟ್ಟಿ ನೋಡಿಕೊಂಡ. ಗಡಿಬಿಡಿಯಲ್ಲಿ ಹತ್ತಿ ಎಡದವಡೆ ಸೇರಿತ್ತು. "ನೋವು... ಹಬ್ಬೈತೆ ಸಾರ್."

"ಈ ಮನೆ ಯಾರ್ದು ಗೊತ್ತೈತೇನು ನಿನಗೆ?"

"ನಂದೇ ಸಾರ್. ಬಾಡಿಗೆಗೆ ಹಿಡಿದೀನಿ. ಹೇಳೋಣ ಅಂತಿದ್ದೆ..."

"ನಂದಲೇ ಇದು!" ಕುಬೇರಪ್ಪನವರ ಕೂಗಿಗೆ ಪಾಳೇಗಾರನೂ ಎರಡು ಹೆಜ್ಜೆ ಹಿಂದೆ ಸರಿದ. "ದೃಷ್ಟಿ ಬಿದ್ದೀತು ಅಂತ ಆಫೀಸಿನಾಗೆ ಒಂದು ನರಪಿಳ್ಳೆಗೂ ಹೇಳದೆ ಕಟ್ಟಿಸೀನಿ! ಶ್ರಾವಣದಾಗೆ ಗೃಹಪ್ರವೇಶ. ಕೊಂಡಜ್ಜಿ ಊರಿಂದ ಆಕಳು ಗೊತ್ತು ಮಾಡೀನಿ. ಆಕಳು ಮೊದ್ಲು ಕಾಲಿಡ್ಬೇಕಾದ ಮನ್ಯಾಗೆ ಟಗರು! ಮನೆ ಒಡತಿ ಹಾಲು ಉಕ್ಕಿಸ್ಬೇಕಾದಲ್ಲಿ ಗುಮಾಸ್ತ!" ಅವರ ನೋಟ ಒಲೆಗಿಳಿಯಿತು. ಧ್ವನಿಯೂ ಇಳಿಯಿತು. "ಅಯ್ಯೋ... ಅದು ದೇವರಮನೆ ಬಾಗ್ಲಿಗೆ ಮಾಡ್ಸಿದ ತೇಗದ ಪಟ್ಟಿ ಕಣೋ."

ಮಂಜುನಾಥ ಸದ್ದಿಲ್ಲದೆ ಆಟೋದತ್ತ ಹೊರಟುಹೋದ.

ಇಷ್ಟು ಗದ್ದಲವಾದ ಮೇಲೆ ಪಕ್ಕದ ಮನೆಯ ಮುಚ್ಚಿದ ಬಾಗಿಲು ತೆರೆಯದೆ ಇದ್ದೀತೇ? ತೆರೆಯಿತು. ತಗ್ಗು ಕಾಂಪೌಂಡಿನಾಚೆ ಮೊದಲು ಕಾಣಿಸಿಕೊಂಡವರು ಮಕ್ತುಮ್ ಸಾಬ್. ಅವರ ಕೈಯಲ್ಲಿ ಪಾಯಸದ ಲೋಟವಿತ್ತು. ಅವರ ಹಿಂದೆ, ಪುಟ್ಟ ಸ್ನೇಹಾಳನ್ನು ಕಂಕುಳಲ್ಲಿ ಏರಿಸಿಕೊಂಡು, ಸಾಕ್ಷಾತ್ ಸರ್ವಮಂಗಳಮ್ಮ. ಅವರ ಬೆನ್ನಿಗೆ ವಾಣಿಶ್ರೀ.

"ಅಳಿಯಂದ್ರೆ," ಎಂದರು ಸರ್ವಮಂಗಳಮ್ಮ, "ನೀವು ಅಲ್ಲೇನು ಮಾಡ್ತಿದೀರಿ?"

ಕೊಟ್ಟೂರೇಶನ ಬಾಯಿಂದ ಹತ್ತಿ ತಾನಾಗಿಯೇ ಉದುರಿತು. "ಅತ್ತೇರೆ... ನೀವು... ಸಂಜೆಗೆ ಅಂದಿದ್ರಲ್ಲ?"

"ಅಂದಿದ್ದೆ. ಫೋನಿಟ್ಟ ಮ್ಯಾಲೆ ಯೋಚನೆ ಬಂತು, ನಿಮ್ಮನ್ನ ನಂಬ್ಕೊಂಡು ಕೂತ್ರೆ ಹಾಲು ಒಡೀತೈತೇ ಹೊರ್ತು ಉಕ್ಕಲ್ಲ ಅಂತ. ಆಗಿಂದಾಗ್ಗೆ ಕಾರು ಮಾಡ್ಕೊಂಡು ಬಂದೆ. ಓಣ್ಯಾಗಿದ್ದ ಹಾಲೆಲ್ಲಾ ತರ್ಸಿ, ಉಕ್ಸಿ, ಪಾಯಸಾನೂ ಮಾಡಿ ಆತು. ಕೂಸು ಮಲಗ್ತು ಅಂತ ಬಾಗ್ಲು ಮುಚ್ಚಿದ್ವಿ. ನಿಮಗೆ ಎಷ್ಟು ಸರ್ತಿ ಫೋನ್ ಮಾಡೋದ್ರಿ?"

"ನಾನೂ ಮಾಡಿ ಮಾಡಿ ಸುಸ್ತಾದೆ ಭಾಯ್," ಎಂದರು ಮಕ್ತುಮ್ ಸಾಬ್.

ಹಾಸಿಗೆಯ ಸುರುಳಿಯೊಳಗೆ ಸದ್ದಡಗಿ ಮಲಗಿದ್ದ ಫೋನು ಕೊಟ್ಟೂರೇಶನ ಕಣ್ಣ ಮುಂದೆ ಬಂತು. ಒಂದು ಗೋಡೆಯಾಚೆ ಅವನಿಗಾಗಿ ಪಾಯಸ ಕಾದಿತ್ತು. ಈಚೆ ಅವನು ನೆಲ ಕಚ್ಚಿ ಒಲೆ ಊದುತ್ತಿದ್ದ.

ಇಲ್ಲಿಗೇ ಮುಗಿದಿದ್ದರೆ ಹೇಗೋ ಕ್ಷಮೆ ಕೇಳಿ ಪಾರಾಗಬಹುದಿತ್ತು. ಆದರೆ ಹೊಸ ಜನರನ್ನು ಕಂಡು ಉತ್ಸಾಹಗೊಂಡ ಪಾಳೇಗಾರ ಜಗಲಿಯ ಮೇಲಿದ್ದ ಕ್ಲಚ್ ಪ್ಲೇಟಿನ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟ. ಹೊಟ್ಟು ಚೆಲ್ಲಿತು. ಬೆಳ್ಳಗಿನ ಎರಡು ಮೊಟ್ಟೆಗಳು ಉರುಳುತ್ತ ಉರುಳುತ್ತ ಹೋಗಿ ಕಾಂಪೌಂಡಿನ ಬುಡದಲ್ಲಿ, ಸರ್ವಮಂಗಳಮ್ಮನವರ ದೃಷ್ಟಿಗೆ ನೇರವಾಗಿ ನಿಂತವು.

"ಇದ್ಯಾವ ಬಿಡಿಭಾಗ ಅಳಿಯಂದ್ರೆ?"

ಕೊಟ್ಟೂರೇಶ ದೀನನಾಗಿ ಕುಬೇರಪ್ಪನವರತ್ತ ನೋಡಿದ. ಅವರು ತಲೆಯಾಡಿಸಿದರು. "ನಮ್ಮ ಅಂಗಡಿಯಾಗೆ ಇಂಥದ್ದು ಸಿಗಲ್ಲ ತಾಯಿ."

ಸರ್ವಮಂಗಳಮ್ಮ ಮೊಟ್ಟೆಯಿಂದ ಕಣ್ಣು ಕೀಳಲಿಲ್ಲ. ಆ ನೋಟವನ್ನು ಅಪಶಕುನವೆಂದು ತಿಳಿದ ಕುಬೇರಪ್ಪ ಕೈ ಮುಗಿದರು. "ನೋಡಿದ್ರೆ ಮಠದ ಕಡೆಯವರಂಗೆ ಕಾಣ್ತೀರಿ, ತಿಳಿದವರು. ನನ್ನ ಮನೆ ಗತಿ ಏನ್ರಿ ಈಗ? ಇವನ ಹಾಲು ಉಕ್ಕಿಬಿಡ್ತಲ್ಲ."

"ಹಾಲು ಉಕ್ಸಿದವರು ಆ ಮನ್ಯಾಗೆ ದೀಪ ಹಚ್ಚಿ ಮಲಗದೆ ಎದ್ದು ಹೋದ್ರೆ ಮನೆಗೆ ಒಳ್ಳೇದಲ್ರಿ," ಎಂದರು ಆಕೆ ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ. "ಶ್ರಾವಣಕ್ಕೆ ನಿಮ್ಮ ಆಕಳು ಬರೋತನಕ ಅಳಿಯಂದ್ರು ಅಲ್ಲೇ ಇರ್ಲಿ. ಅವರ ಟಗರೂ ಇರ್ಲಿ. ಆ... ಬಿಡಿಭಾಗಾನೂ ಅಲ್ಲೇ ಇರ್ಲಿ."

"ಹಂಗಾದ್ರೆ ವಾಣಿ? ಕೂಸು?" ಕೊಟ್ಟೂರೇಶ ಗೋಗರೆದ.

"ಅವರ ಹಾಲು ಈ ಮನ್ಯಾಗೆ ಉಕ್ಕೇತಲ್ಲ. ಆಷಾಢದಾಗೆ ಮನೆ ಬದ್ಲಾಯಿಸೋಹಂಗಿಲ್ಲ."

"ಆಷಾಢದಾಗೆ ದೂರ ಇರೋದು ಹೊಸ ಮದುವೆಯವರಲ್ಲೇನ್ರಿ ಅತ್ತೇರೆ? ನಮ್ಮದು ಹಳೇದಾತು!"

"ಮನೆ ಹೊಸದಲ್ಲೇನ್ರಿ?"

ಈ ತರ್ಕಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೆಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ವಾಣಿಶ್ರೀ ಸೆರಗಿನಿಂದ ನಗೆ ಮುಚ್ಚಿಕೊಂಡಳು. "ನಾನಾ, ಟಗರಾ ಅಂತ ಕೇಳಿದ್ದೆ. ಉತ್ರ ಕೊಟ್ರಲ್ಲ, ಅಷ್ಟು ಸಾಕು ಬಿಡ್ರಿ."

ಕುಬೇರಪ್ಪನವರ ಮುಖ ಮಾತ್ರ ಮೋಡ ಸರಿದ ಆಕಾಶದಂತಾಯಿತು. "ಪೇಂಟರ್ ದಿನಾ ಬಾಗ್ಲು ತೆಗೆದಿಟ್ಟು ಹೋಗ್ತಾನಂತ ಕಾವಲಿಗೆ ಒಬ್ಬ ಆಳು ಹುಡುಕ್ತಿದ್ದೆ ನಾನು! ಮುಂಜಾನೆದ್ದು ಮೇಸ್ತ್ರಿ, ಪೇಂಟರ್ ಬರ್ತಾರೆ, ನಿಂತು ನೋಡ್ಕೊ. ಆಮೇಲೆ ಆಫೀಸಿಗೆ ಬಾ. ಸಂಜೆ ನಾನೇ ಬಂದು ಲೆಕ್ಕ ಕೇಳ್ತೀನಿ. ಕನ್ನಡಿ ಬದ್ಲಾಯಿಸೋದು ನಿಂದು. ಈಗ ಕಾರು ಹತ್ತು, ಆಫೀಸರ್ ಟ್ರೈನ್ ಬಂದಿರ್ತೈತೆ."

ಸಂಜೆ ದೀಪ ಹಚ್ಚುವ ಹೊತ್ತಿಗೆ, ತಪಾಸಣೆ ಮುಗಿಸಿ ಸೋತು ಬಂದ ಕೊಟ್ಟೂರೇಶ ಸಾಹೇಬರ ಖಾಲಿ ನಡುಮನೆಯಲ್ಲಿ ಹಾಸಿಗೆ ಬಿಚ್ಚಿದ. ಗೋಡೆಯಾಚೆ ಮಗಳು ಕೇಕೆ ಹಾಕುತ್ತಿದ್ದಳು. ತಡೆಯಲಾರದೆ ಅವನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಗೋಡೆ ತಟ್ಟಿದ.

"ಅಳಿಯಂದ್ರೆ, ಆಷಾಢ!" ಎಂದಿತು ಗೋಡೆ, ಅತ್ತೆಯ ಧ್ವನಿಯಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಕಾಂಪೌಂಡಿನ ಬಳಿ ಬಳೆಯ ಸದ್ದಾಯಿತು. ವಾಣಿಶ್ರೀ ಎಷ್ಟಾದರೂ ಹೆಂಡತಿ. ತಾಯಿಯ ಕಣ್ಣು ತಪ್ಪಿಸಿ, ಬಾಣಂತಿಗೆಂದು ಮಾಡಿದ ಅಂಟಿನುಂಡೆಯೊಂದನ್ನು ಬಟ್ಟಲಲ್ಲಿಟ್ಟು ಗೋಡೆಯ ಮೇಲಿಂದ ದಾಟಿಸಿದಳು. ಜೊತೆಗೊಂದು ಹೊಸ ಕ್ಯಾಲೆಂಡರು. "ಅವ್ವ ಕೊಟ್ಟಾಳ. ಇನ್ಮ್ಯಾಲೆ ತಿಥಿ ನೋಡ್ಕೊಂಡು ಬದುಕ್ರಿ ಅಂತ ಹೇಳು ಅಂದ್ಲು. ಶ್ರಾವಣ ಬರ್ತೈತೆ, ದಿನಾ ಎಣಿಸ್ತಾ ಇರ್ರಿ," ಎಂದು ಪಿಸುಗುಟ್ಟಿ ಮರೆಯಾದಳು.

ಕ್ಯಾಲೆಂಡರನ್ನು ಕಿಟಕಿಯ ಮೊಳೆಗೆ ಸಿಕ್ಕಿಸಿ, ಕೊಟ್ಟೂರೇಶ ಪ್ರೀತಿಯಿಂದ ಅಂಟಿನುಂಡೆಯನ್ನು ಕಚ್ಚಿದ. ಸರ್ವಮಂಗಳಮ್ಮನವರ ಕೈಯ ಉಂಡೆ. ಅವರ ಮಾತಿನಷ್ಟೇ ಗಟ್ಟಿ. ಕಟಕ್ಕೆಂದಿತು. ಉಂಡೆಯಲ್ಲ, ಹಲ್ಲು.

ನೋವು ದವಡೆಯಿಂದ ನೆತ್ತಿಗೇರಿತು. ಒಂದು ಗಳಿಗೆಯಲ್ಲಿ ಕೆನ್ನೆ ಹತ್ತಿಯ ಹಂಗಿಲ್ಲದೆ ಊದಿಕೊಂಡಿತು. ಅವನು ಕುಬೇರಪ್ಪನವರಿಗೆ ಫೋನು ಮಾಡಿದ.

"ಸಾರ್... ಹಲ್ಲು. ಈ ಸರ್ತಿ ಖರೇನೇ ಸಾರ್. ನಾಳೆ ಒಂದು ದಿನ..."

ಅತ್ತ ಕಡೆ ನಗೆ ಉಕ್ಕಿತು. "ಯಾವ ಕಡೀದಲೇ ಕೊಟ್ರೇಶಿ?"

ಉತ್ತರ ಹೇಳಲೆಂದು ಅವನು ಬೀರುವಿನ ಕನ್ನಡಿಯತ್ತ ತಿರುಗಿದ. ಬಿರುಕು ಬಿಟ್ಟ ಕನ್ನಡಿಯ ಒಂದು ತುಂಡಿನಲ್ಲಿ ಎಡಗೆನ್ನೆ ಊದಿತ್ತು, ಇನ್ನೊಂದರಲ್ಲಿ ಬಲಗೆನ್ನೆ ಊದಿತ್ತು. ಮೂರನೆಯ ತುಂಡಿನಲ್ಲಿ, ಅವನ ಬೆನ್ನ ಹಿಂದೆ, ಕಿಟಕಿಯೊಳಗೆ ಮೂತಿ ತೂರಿಸಿದ್ದ ಪಾಳೇಗಾರ ಕಣ್ಣು ಮುಚ್ಚಿಕೊಂಡು, ಬಹಳ ನೆಮ್ಮದಿಯಿಂದ, ಶ್ರಾವಣದ ಹಾಳೆಯನ್ನು ಮೆಲ್ಲುತ್ತಿದ್ದ.